ಕಾರಿನ ಸೈಲೆನ್ಸರ್ ಸೌಂಡ್ ದಪ್ಪ ಮಾಡಿಕೊಳ್ಳೋದು ಹೇಗೆ

ಕಾರಿನ ಸೌಂಡ್ ಜೋರು ಮಾಡೋದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಒಂದು ಹ್ಯಾಕ್ಸಾ ಬ್ಲೇಡ್ ಇದ್ದರೆ ಸಾಕು. ಹಿಂದಿನ ಸೈಲೆನ್ಸರ್ ಕತ್ತರಿಸಿ ಬಿಸಾಕಿದರೆ ನಮ್ಮ ಚಿಕ್ಕಮಗಳೂರಿನ ಐ.ಜಿ. ರೋಡಿನ ಆ ತುದಿಯಲ್ಲಿ ಸ್ಟಾರ್ಟ್ ಮಾಡಿದ್ದು ಈ ತುದಿಗೆ ಕೇಳಿಸುತ್ತದೆ. ಆದರೆ ಅದು ಹರಿದ ಸೌಂಡ್. ಕಿವಿಗೆ ಚುಚ್ಚುತ್ತದೆ. ದಪ್ಪಗೆ, ತುಂಬಿಕೊಂಡು, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಎದ್ದು ಬರುವ ಸೌಂಡ್ ಬೇಕು ಅಂದರೆ ಸ್ವಲ್ಪ ಲೆಕ್ಕ ಹಾಕಬೇಕು, ಸ್ವಲ್ಪ ವೆಲ್ಡಿಂಗ್ ಬರಬೇಕು.

ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್ಲು, ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ, ಟ್ರೈಲರ್ ಡೋರು, ಇದೇ ದಿನದ ಕೆಲಸ. ಜೂನ್ ಕಳೆದು ಮಳೆ ಹಿಡಿದರೆ ಗಿರಾಕಿ ಕಮ್ಮಿ. ಆಗ ನನ್ನ 2003ರ ಮಾರುತಿ ಎಸ್ಟೀಮ್ ಕಾರಿನ ಅಡಿಗೆ ನುಗ್ಗುತ್ತೇನೆ. ನಮ್ಮದು ರ‍್ಯಾಲಿ ನೋಡಿ ಬೆಳೆದ ಊರು. ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ಜಿಪ್ಸಿ, ಎಸ್ಟೀಮ್ ಹಾರಿಕೊಂಡು ಹೋಗೋದನ್ನು ಸಿಲ್ವರ್ ಓಕ್ ಮರದ ಮರೆಯಲ್ಲಿ ನಿಂತು ನೋಡಿದವರಿಗೆ ಆ 1.3 ಲೀಟರ್ ಇಂಜಿನ್ನಿನ ಸದ್ದು ಕಿವಿಯಿಂದ ಹೋಗೋದಿಲ್ಲ. ನನ್ನ ಕಾರು ರಜಾ ದಿನದಲ್ಲಿ ಆಟೋಕ್ರಾಸ್ (ಮಣ್ಣಿನ ಮೈದಾನದಲ್ಲಿ ನಡೆಯುವ ಕಾರ್ ರೇಸ್) ಮೈದಾನಕ್ಕೆ ಹೋಗುತ್ತದೆ, ಉಳಿದಂತೆ ಪರಿಚಯದವರ ಎಸ್ಟೇಟ್ ಒಳಗಿನ ರಸ್ತೆಯಲ್ಲಿ ಓಡುತ್ತದೆ. ಅದಕ್ಕೆ ಮಾಡಿದ ಕೆಲಸವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಶಬ್ದ, ಹೊಗೆಯ ಮಿತಿ ಮೀರಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸಿದರೆ 190ನೇ ಸೆಕ್ಷನ್. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಲೈಸೆನ್ಸ್ ಕೂಡ ಮೂರು ತಿಂಗಳು ಹೋಗುತ್ತದೆ. ಕಂಪನಿಯಿಂದ ಹೊರಬರುವ ಹೊಸ ಕಾರಿಗೇ 2005ರ ಏಪ್ರಿಲ್‌ನಿಂದ 74 ಡೆಸಿಬಲ್ ಮಿತಿ ಇದೆ. ಹಿಡಿದ ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಹಾಗಾಗಿ ನನ್ನ ಪದ್ಧತಿ ಇದು: ಹೊಸ ಸೈಲೆನ್ಸರ್ ಬೋಲ್ಟ್ ಹಾಕಿ ಕೂರಿಸುವಂಥದ್ದಾಗಿರಬೇಕು. ಮೈದಾನದಲ್ಲಿ, ತೋಟದ ಗೇಟ್ ಒಳಗೆ ಅದು. ಡಾಂಬರು ರಸ್ತೆಗೆ ಇಳಿಯುವ ಮುಂಚೆ ಕಂಪನಿಯದು ವಾಪಸ್. ಎರಡು ಬೋಲ್ಟು, ಡಬ್ಬ ತೂಗುಹಾಕುವ ಮೂರು ರಬ್ಬರ್. ಚಹಾ ಬರೋದರೊಳಗೆ ಆಗುವ ಕೆಲಸ.

ನನ್ನ ಅಕ್ಕನ ಮಗ ಹಾಸನದಲ್ಲಿ ಓದುತ್ತಾನೆ. ಈ ಮಾತು ಕೇಳಿ ಅವನ ಮುಖ ಸಣ್ಣಗಾಯಿತು.

"ಹಾಗಾದ್ರೆ ಊರಲ್ಲಿ ಯಾರಿಗೆ ಕೇಳ್ಸೋದು ಮಾವ?"

"ನಿಂಗೆ ಕೇಳ್ಸಿದ್ರೆ ಸಾಕಲ್ವೇನೋ?"

ಅವನಿಗೂ ಒಂದು ದಾರಿ ಇದೆ, ಅದನ್ನು ಆಮೇಲೆ ಹೇಳುತ್ತೇನೆ. ಅಂದಹಾಗೆ ಅವನ ಕಾರು ಡೀಸೆಲ್. ಡೀಸೆಲ್ ಕಾರಿನ ಸೈಲೆನ್ಸರ್ ಮುಟ್ಟಬೇಡಿ, ಸುಮ್ನೆ ದುಡ್ಡು ದಂಡ. ಇಂಜಿನ್ನಿನಿಂದ ಬರುವ ಬಡಿತವನ್ನು ಟರ್ಬೋ ಮೊದಲೇ ನುಂಗಿಬಿಡುತ್ತದೆ. ಉಳಿಯೋದು ಟ್ರ್ಯಾಕ್ಟರ್ ಸದ್ದು.

ಸೌಂಡ್ ಹುಟ್ಟೋದು ಎಲ್ಲಿ

ಇಂಜಿನ್ನಿನ ಎಕ್ಸಾಸ್ಟ್ ವಾಲ್ವ್ ತೆರೆದಾಗೆಲ್ಲ ಒಂದು ಬಿಸಿ ಗಾಳಿಯ ಹೊಡೆತ ಪೈಪಿಗೆ ನುಗ್ಗುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಹೊಡೆತ. 3000 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಅಂದರೆ ಸೆಕೆಂಡಿಗೆ 50 ಸುತ್ತು, ಅಂದರೆ 100 ಹೊಡೆತ. ನೀವು ಕೇಳುವ ಮೂಲ ಸ್ವರ ಆ 100 ಹರ್ಟ್ಸ್. ಅದರ ಮೇಲೆ 200, 300, 400 ಅಂತ ಮರಿ ಸ್ವರಗಳು ಕೂರುತ್ತವೆ. ಕೆಳಗಿನ ಸ್ವರ ಉಳಿಸಿ ಮೇಲಿನವನ್ನು ತಗ್ಗಿಸಿದರೆ ದಪ್ಪ ಸೌಂಡ್. ಎಲ್ಲವನ್ನೂ ಬಿಟ್ಟುಬಿಟ್ಟರೆ ಹರಿದ ಸೌಂಡ್. ಕೆಲಸ ಇಷ್ಟೇ.

ಮೂರು ಸಿಲಿಂಡರ್ ಕಾರಾದರೆ ಅದೇ 3000ಕ್ಕೆ 75 ಹೊಡೆತ. ಲಯವೇ ಬೇರೆ. ಆಲ್ಟೋಗೆ ಎಂಥ ಸೈಲೆನ್ಸರ್ ಹಾಕಿದರೂ ಅದು ಎಸ್ಟೀಮ್ ಥರ ಕೇಳಿಸೋದಿಲ್ಲ. ಈ ಆಸೆ ಇಟ್ಟುಕೊಂಡು ಬಂದವರನ್ನು ನಾನು ಟೀ ಕುಡಿಸಿ ವಾಪಸ್ ಕಳಿಸುತ್ತೇನೆ.

ಸೈಲೆನ್ಸರ್‌ಗಳಲ್ಲಿ ಎರಡು ಜಾತಿ. ಕಂಪನಿಯವರು ಹಾಕೋದು ಕೋಣೆಗಳಿರುವ ಡಬ್ಬ. ಒಳಗೆ ತಡೆಗೋಡೆ ಇರುತ್ತದೆ, ಪೈಪುಗಳು ಅಡ್ಡಾದಿಡ್ಡಿ ಇರುತ್ತವೆ. ಸದ್ದು ಗೋಡೆಗೆ ಬಡಿದು ಹಿಂದಿರುಗಿ ತನ್ನನ್ನೇ ತಾನು ಕೊಂದುಕೊಳ್ಳುತ್ತದೆ. ಇದು ಕೆಳಗಿನ ಸ್ವರವನ್ನೂ ಬಿಡೋದಿಲ್ಲ. ಇನ್ನೊಂದು ನೇರ ಪೈಪಿನದು. ಒಳಗೆ ಉದ್ದಕ್ಕೂ ತೂತುಗಳಿರುವ ಪೈಪ್, ಸುತ್ತ ಉಣ್ಣೆಯಂಥ ನಾರು, ಹೊರಗೆ ತಗಡಿನ ಕವಚ. ನಾರು ಚೂಪು ಸ್ವರವನ್ನು ಚೆನ್ನಾಗಿ ಹೀರುತ್ತದೆ, ದಪ್ಪ ಸ್ವರವನ್ನು ಅಷ್ಟಾಗಿ ಹೀರೋದಿಲ್ಲ. ನಮಗೆ ಬೇಕಾಗಿರೋದೂ ಅದೇ ಅಲ್ವಾ. ಹಾಗಾಗಿ ಬದಲಿಸಬೇಕಾದ್ದು ಕೊನೆಯ ಡಬ್ಬ ಒಂದನ್ನೇ. ಮಧ್ಯದಲ್ಲಿ ರೆಸೊನೇಟರ್ ಅನ್ನುವ ಇನ್ನೊಂದು ಸಣ್ಣ ಡಬ್ಬ ಇರುತ್ತದೆ, ಅದು ಹಾಗೇ ಇರಲಿ. ಅದನ್ನು ತೆಗೆದರೆ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಒಂದು ಕರ್ಕಶ ಸೇರಿಕೊಳ್ಳುತ್ತದೆ. ಆಮೇಲೆ ಎಷ್ಟು ಒಳ್ಳೆಯ ಸೈಲೆನ್ಸರ್ ಹಾಕಿದರೂ ಅದು ಹೋಗೋದಿಲ್ಲ.

ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಲೇಬೇಡಿ. ಒಳಗಿನ ಜೇನುಗೂಡನ್ನು ಸಬ್ಬಲ್ ಹಾಕಿ ಒಡೆದು ತೆಗೆಯುವವರಿದ್ದಾರೆ. ಸೌಂಡ್ ಕೆಡುತ್ತದೆ, ಹೊಗೆ ಟೆಸ್ಟ್ ಪಾಸಾಗೋದಿಲ್ಲ, ಹೊಸ ಗಾಡಿಯಾದರೆ ಅದರ ಹಿಂದಿರುವ ಆಕ್ಸಿಜನ್ ಸೆನ್ಸರ್ ಚೆಕ್ ಇಂಜಿನ್ ಲೈಟ್ ಹಾಕುತ್ತದೆ. ಸೆನ್ಸರ್‌ನಿಂದ ಇಂಜಿನ್ ಕಡೆಗಿರುವ ಭಾಗಕ್ಕೆ ಸ್ಪ್ಯಾನರ್ ಹೋಗಬಾರದು ಅಂತ ನಿಯಮ ಇಟ್ಟುಕೊಳ್ಳಿ.

ಇನ್ನೊಂದು ಚಾಳಿ ಕಂಪನಿ ಸೈಲೆನ್ಸರ್‌ಗೆ ಡ್ರಿಲ್‌ನಿಂದ ತೂತು ಹೊಡೆಯೋದು. ತೂತಿನಿಂದ ಬರುವ ಹೊಗೆ ಕಾರಿನ ಅಡಿಯಲ್ಲೇ ಸುತ್ತುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಡಿಕ್ಕಿಯ ರಬ್ಬರ್ ಸವೆದ ಹಳೆಯ ಕಾರಿನಲ್ಲಿ ಅದು ನೇರ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಗ್ಲಾಸ್ ಏರಿಸಿಕೊಂಡು ಹೋಗುವವರು ಇದನ್ನು ಯೋಚಿಸಬೇಕು.

ಪವರ್ ಜಾಸ್ತಿ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಕೊನೆಯ ಡಬ್ಬ ಬದಲಿಸಿದರೆ ಗೊತ್ತಾಗುವಷ್ಟು ಏನೂ ಸಿಗೋದಿಲ್ಲ. ಪೈಪ್ ದಪ್ಪ ಮಾಡಿದರೆ ಹೊಗೆಯ ವೇಗ ಇಳಿದು ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಕಮ್ಮಿಯಾಗುವ ಸಾಧ್ಯತೆಯೇ ಹೆಚ್ಚು. ಅದಕ್ಕೇ ಒಳ ಪೈಪಿನ ಅಳತೆ ಕಂಪನಿಯದ್ದಕ್ಕೆ ಸಮ ಇರಲಿ, ಬೇಕಾದರೆ ಕಾಲು ಇಂಚು ಹೆಚ್ಚು. ಅಂದಾಜಿನಲ್ಲಿ ಹೋಗಬೇಡಿ, ವರ್ನಿಯರ್ ಅಳತೆಪಟ್ಟಿ ಹಿಡಿದು ನಿಮ್ಮ ಕಾರಿನದನ್ನೇ ಅಳೆಯಿರಿ.

ಬಿಚ್ಚುವ ಮುಂಚೆ

ಮೊದಲು ಈಗಿರುವ ಸೌಂಡನ್ನು ಅಳೆದು ಬರೆದಿಡಿ. ಫೋನಿನಲ್ಲಿ ಡೆಸಿಬಲ್ ತೋರಿಸುವ ಆ್ಯಪ್ ಸಿಗುತ್ತದೆ. ಪೈಪಿನ ಬಾಯಿಯಿಂದ ಅರ್ಧ ಮೀಟರ್ ದೂರ, 45 ಡಿಗ್ರಿ ಓರೆಯಲ್ಲಿ, ಬಾಯಿಯ ಎತ್ತರಕ್ಕೇ ಫೋನ್ ಇಡಿ. ನಿಂತ ಗಾಡಿಯ ಶಬ್ದ ಅಳೆಯುವ ಅಧಿಕೃತ ವಿಧಾನವೂ ಹೆಚ್ಚು ಕಡಿಮೆ ಹೀಗೇ. ಗರಿಷ್ಠ ಪವರ್ ಬರುವ ಆರ್‌ಪಿಎಂನ ಮುಕ್ಕಾಲಿಗೆ ಇಂಜಿನ್ ಹಿಡಿದು ಓದಬೇಕು. ಎಸ್ಟೀಮ್‌ಗೆ ನಾನು 4500 ಹಿಡಿಯುತ್ತೇನೆ. ಫೋನ್ ತೋರಿಸುವ ಸಂಖ್ಯೆ ಕರಾರುವಾಕ್ ಇರೋದಿಲ್ಲ, ಆದರೆ ಅದೇ ಫೋನು, ಅದೇ ಜಾಗ ಆದರೆ ಹಿಂದೆ ಮುಂದೆ ಎಷ್ಟು ವ್ಯತ್ಯಾಸ ಅನ್ನೋದು ಸಿಗುತ್ತದೆ. ಸುಮಾರು 10 ಡೆಸಿಬಲ್ ಏರಿದರೆ ಕಿವಿಗೆ ಸೌಂಡ್ ಎರಡರಷ್ಟು ಆದ ಹಾಗೆ. ನಾನು ಐದಾರು ದಾಟಲು ಬಿಡೋದಿಲ್ಲ. ಎಸ್ಟೇಟ್ ಒಳಗೂ ಕೆಲಸಗಾರರ ಲೈನ್ ಮನೆಗಳಿವೆ, ಅಲ್ಲಿ ಮಲಗಿದ ಮಕ್ಕಳಿರುತ್ತಾರೆ. ಆಲ್ದೂರು, ಮೂಡಿಗೆರೆ ಕಡೆಯ ತೋಟವಾದರೆ ಆನೆಯ ಸುದ್ದಿ ಬಂದ ದಿನ ಕಾರು ತೆಗೆಯೋದೇ ಬೇಡ.

ಕಾರು ಮಟ್ಟಸ ನೆಲದಲ್ಲಿರಬೇಕು. ಜಾಕ್ ಮೇಲೆ ನಿಲ್ಲಿಸಿ ಅಡಿಗೆ ಹೋಗಬೇಡಿ, ಜಾಕ್ ಇರೋದು ಎತ್ತೋದಕ್ಕೆ ಮಾತ್ರ. ಕಬ್ಬಿಣದ ಸ್ಟ್ಯಾಂಡ್ ಎರಡು ಕೊಟ್ಟು, ಮುಂದಿನ ಚಕ್ರಕ್ಕೆ ಮರದ ತುಂಡು ಇಟ್ಟು, ಕಾರನ್ನು ಕೈಯಿಂದ ಅಲ್ಲಾಡಿಸಿ ನೋಡಿ ಆಮೇಲೆ ನುಗ್ಗಿ. ಪೈಪ್ ತಣ್ಣಗಾಗಿರಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಮಲೆನಾಡಿನ ಕಾರುಗಳಲ್ಲಿ ಸೈಲೆನ್ಸರ್ ಬೋಲ್ಟ್ ಸುಲಭಕ್ಕೆ ಬಿಚ್ಚೋದಿಲ್ಲ. ಮಳೆ ಹೊರಗಿನಿಂದ ತಿನ್ನುತ್ತದೆ, ಒಳಗಿನಿಂದಲೂ ನೀರೇ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿದರೆ ಅದು ಆವಿಯಾಗಿ ಹೊರಗೆ ಹೋಗುತ್ತದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಂತ ಓಡಿಸುವ ಕಾರಿನಲ್ಲಿ ಸೈಲೆನ್ಸರ್ ಬಿಸಿಯಾಗುವ ಮುಂಚೆಯೇ ಇಂಜಿನ್ ಆಫ್ ಆಗಿರುತ್ತದೆ. ಆ ನೀರು ಆಮ್ಲ ಸೇರಿಕೊಂಡು ಡಬ್ಬದ ತಳದಲ್ಲೇ ಕೂತು ತುಕ್ಕು ಹಿಡಿಸುತ್ತದೆ. ಹಿಂದಿನ ರಾತ್ರಿಯೇ ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಗ್ಗೆ ಒಮ್ಮೆ ಬಿಗಿ ಮಾಡುವ ಕಡೆಗೆ ಸ್ವಲ್ಪ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ರಿಂಗ್ ಸ್ಪ್ಯಾನರ್ ಇಲ್ಲವೇ ಆರು ಮೂಲೆಯ ಸಾಕೆಟ್ ಬಳಸಿ. ಓಪನ್ ಸ್ಪ್ಯಾನರ್ ಹಾಕಿದರೆ ತಲೆ ಉರುಟಾಗುತ್ತದೆ. ಬಿಚ್ಚಲೇ ಇಲ್ಲವೇ, ಗ್ರೈಂಡರ್‌ನಲ್ಲಿ ಕತ್ತರಿಸಿ ಹೊಸ ಬೋಲ್ಟ್ ಹಾಕಿ. ಆದರೆ ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲಿ ಕಿಡಿ ಹಾರುವ ಕೆಲಸ ಬೇಡ, ಅಲ್ಲಿ ಹ್ಯಾಕ್ಸಾ ಸಾಕು. ರಬ್ಬರ್ ಹ್ಯಾಂಗರ್‌ಗೆ ಸೋಪಿನ ನೀರು ಹಚ್ಚಿದರೆ ಜಾರಿ ಬರುತ್ತದೆ. ಬಿರುಕು ಬಿಟ್ಟಿದ್ದರೆ ಹೊಸದು ತನ್ನಿ, ದೊಡ್ಡ ಖರ್ಚಲ್ಲ.

ಬಿಚ್ಚಿದ ಕಂಪನಿ ಸೈಲೆನ್ಸರನ್ನು ಗುಜರಿಗೆ ಕೊಡಬೇಡಿ. ಕೆಎ 18 ಅಂದರೆ ನಮ್ಮ ಚಿಕ್ಕಮಗಳೂರು ನಂಬರಿನ ಗಾಡಿಗಳಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಆಗಬೇಕು, ಆಗ ಆರ್‌ಟಿಒ ಮುಂದೆ ಗಾಡಿ ನಿಲ್ಲಬೇಕು. ಹಳೆಯ ಮಾಡೆಲ್‌ಗೆ ಹೊಸ ಡಬ್ಬ ಹುಡುಕಿಕೊಂಡು ಹೋದರೆ ಹಾಸನ, ಶಿವಮೊಗ್ಗ ಅಂತ ಸುತ್ತಬೇಕಾಗುತ್ತದೆ.

ಡಬ್ಬ ಕಟ್ಟೋದು

ನೇರ ಪೈಪಿನ ಸೈಲೆನ್ಸರ್ ರೆಡಿಮೇಡ್ ಸಿಗುತ್ತದೆ. ಕೊಳ್ಳೋದಾದರೆ ತೂಕ ನೋಡಿ. ಹಗುರ ಅನ್ನಿಸಿದರೆ ಒಳಗೆ ನಾರು ಕಮ್ಮಿ ತುಂಬಿರುತ್ತಾರೆ. ನಾನು ಕಟ್ಟಿಕೊಳ್ಳುತ್ತೇನೆ. ಶೆಡ್ ಇರುವವನಿಗೆ ಅದು ಅರ್ಧ ಖರ್ಚು, ಪೂರ್ತಿ ಖುಷಿ.

ಒಳ ಪೈಪಿಗೆ ತೂತಿನ ಸ್ಟೇನ್‌ಲೆಸ್ ಶೀಟ್ ಸುರುಳಿ ಸುತ್ತಿ ಬೆಸೆದದ್ದು ಒಳ್ಳೆಯದು. ತೂತು 3 ಮಿಲಿಮೀಟರ್ ಆಸುಪಾಸು, ಶೀಟಿನ ಮೂರನೇ ಒಂದು ಭಾಗದಷ್ಟು ತೆರೆದಿರಬೇಕು. ಹೊರ ಕವಚ ನಾಲ್ಕೂವರೆ ಇಂಚು ವ್ಯಾಸ, ಹದಿನಾರು ಇಂಚು ಉದ್ದ. ಉದ್ದ ಜಾಸ್ತಿ ಆದಷ್ಟೂ ಸೌಂಡ್ ಕಮ್ಮಿ. ಕವಚ ದಪ್ಪ ಆದಷ್ಟೂ ಕೆಳಗಿನ ಸ್ವರವೂ ಸ್ವಲ್ಪ ಮೆತ್ತಗಾಗುತ್ತದೆ. ನಾಲ್ಕು ಇಂಚಿಗಿಂತ ಸಣ್ಣದು ಬೇಡ, ಅದು ಡಬ್ಬ ಇದ್ದೂ ಇಲ್ಲದ ಹಾಗೆ.

ನಾರು ತುಂಬೋದರಲ್ಲೇ ಇಡೀ ಕೆಲಸದ ಮರ್ಯಾದೆ ಇರೋದು. ಪೈಪಿನ ಮೇಲೆ ಮೊದಲು ಸ್ಟೀಲ್ ಉಣ್ಣೆಯ ಒಂದು ಸುತ್ತು. ತೂತಿನ ಪಕ್ಕ ಹೊಗೆಯ ಹೊಡೆತವನ್ನು ಅದು ತಡೆಯುತ್ತದೆ. ಅದರ ಮೇಲೆ ಸೈಲೆನ್ಸರ್‌ಗೆಂದೇ ಬರುವ ಉದ್ದ ಎಳೆಯ ಗ್ಲಾಸ್ ಫೈಬರ್. ಮನೆಯ ಚಾವಣಿಗೆ ಹಾಕುವ ಹಳದಿ ಗ್ಲಾಸ್ ವುಲ್ ಬಳಸಬೇಡಿ. ಅದರೊಳಗಿನ ಅಂಟು ಬಿಸಿಗೆ ಉರಿದುಹೋಗುತ್ತದೆ, ಆಮೇಲೆ ನಾರು ಪುಡಿಯಾಗಿ ಪೈಪಿನಿಂದ ಹಾರಿಹೋಗುತ್ತದೆ. ಜಾಗದ ಲೀಟರಿಗೆ 100ರಿಂದ 150 ಗ್ರಾಂ ಲೆಕ್ಕ. ನನ್ನ ಅಳತೆಯ ಕವಚದಲ್ಲಿ ಸುಮಾರು ಮೂರೂವರೆ ಲೀಟರ್ ಜಾಗ ಬರುತ್ತದೆ, ಅಂದರೆ 350ರಿಂದ 500 ಗ್ರಾಂ. ತಕ್ಕಡಿಯಲ್ಲಿ ತೂಗಿಯೇ ತುಂಬಿ. ಬಿಗಿಯಾಗಿ ಜಡಿದರೆ ಗಾಳಿ ನುಗ್ಗೋದಿಲ್ಲ, ಸದ್ದು ಹೀರೋದಿಲ್ಲ. ಸಡಿಲ ಬಿಟ್ಟರೆ ಕುಗ್ಗಿ ಒಂದು ಮೂಲೆ ಸೇರುತ್ತದೆ. ಕೈಗವಸು, ಮಾಸ್ಕ್, ಕನ್ನಡಕ ಇಲ್ಲದೆ ಗ್ಲಾಸ್ ನಾರು ಮುಟ್ಟಬೇಡಿ. ರಾತ್ರಿಯೆಲ್ಲ ಮೈ ಕೆರೆದುಕೊಳ್ಳುತ್ತಾ ಕೂರಬೇಕಾಗುತ್ತದೆ.

ಕವಚದ ಒಂದು ಕಡೆಯ ಮುಚ್ಚಳವನ್ನು ಬೆಸೆಯದೆ ಸಣ್ಣ ಸ್ಕ್ರೂ ಅಥವಾ ರಿವೆಟ್ ಹಾಕಿ ಕೂರಿಸಿ. ನಾರು ಸವೆದಾಗ ಬಿಚ್ಚಿ ತುಂಬಬಹುದು. ಡಬ್ಬ ಕಾರಿನಲ್ಲಿ ಕೂತಾಗ ಅದರ ಅತಿ ಕೆಳಗಿನ ಜಾಗ ಯಾವುದು ನೋಡಿ ಅಲ್ಲೊಂದು ಮೂರು ಮಿಲಿಮೀಟರ್ ತೂತು ಇಡಿ. ನೀರು ತೊಟ್ಟಿಕ್ಕಿ ಹೋಗಲಿ. ಕಂಪನಿಯವರೂ ಇಡುತ್ತಾರೆ. ಅದನ್ನು ಲೀಕ್ ಅಂದುಕೊಂಡು ಎಂಸೀಲ್ ಮೆತ್ತಿ ಮುಚ್ಚುವವರಿದ್ದಾರೆ.

ಜೋಡಿಸುವ ಪೈಪಿಗೆ ತೋಟದಲ್ಲಿ ಬಿದ್ದಿರುವ ಜಿಐ (ಸತು ಬಳಿದ ಕಬ್ಬಿಣದ) ನೀರಿನ ಪೈಪ್ ಎತ್ತಿಕೊಂಡು ಬರುತ್ತಾರೆ. ಬೇಡ. ಬೆಸೆಯುವಾಗ ಅದರ ಸತುವಿನ ಬಿಳಿ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಗ್ಯಾರಂಟಿ. ತೂಕವೂ ಜಾಸ್ತಿ. 16 ಗೇಜಿನ ಎಂಎಸ್ (ಮಾಮೂಲಿ ಮೆದು ಉಕ್ಕಿನ) ಪೈಪ್ ಇಲ್ಲವೇ 304 ಸ್ಟೇನ್‌ಲೆಸ್ ತನ್ನಿ. ನಮ್ಮ ಮಳೆಗೆ ಸ್ಟೇನ್‌ಲೆಸ್ ಬಾಳಿಕೆ ಬರುತ್ತದೆ. ಒಂದು ಕಡೆ ಸ್ಟೇನ್‌ಲೆಸ್, ಇನ್ನೊಂದು ಕಡೆ ಎಂಎಸ್ ಬಂದರೆ 309 ನಂಬರಿನ ವೆಲ್ಡಿಂಗ್ ರಾಡ್ ಬಳಸಿ, ಮಾಮೂಲಿ ರಾಡ್ ಹಾಕಿದರೆ ಜಾಯಿಂಟ್ ಬಿರುಕು ಬಿಡುತ್ತದೆ. ಇಷ್ಟು ತೆಳು ಪೈಪಿಗೆ ಸಿಒ2 ವೆಲ್ಡಿಂಗ್ ಸುಲಭ. ಆರ್ಕ್ ವೆಲ್ಡಿಂಗ್ ಮಾತ್ರ ಇದ್ದರೆ ಸಣ್ಣ ರಾಡ್, ಕಡಿಮೆ ಆಂಪ್ಸ್, ಚುಕ್ಕೆ ಚುಕ್ಕೆಯಾಗಿ ಹೊಡೆಯುತ್ತಾ ಹೋಗಿ. ಒಂದೇ ಎಳೆತಕ್ಕೆ ಎಳೆದರೆ ಪೈಪ್ ತೂತಾಗುತ್ತದೆ.

ವೆಲ್ಡಿಂಗ್ ಯಾವತ್ತೂ ಬೆಂಚಿನ ಮೇಲೆ. ಕಾರಿನ ಅಡಿಯಲ್ಲಿ ಪೈಪನ್ನು ಜಾಗಕ್ಕೆ ಹಿಡಿದು, ಎಲ್ಲಿ ಯಾವ ಕೋನದಲ್ಲಿ ಸೇರುತ್ತದೆ ಅಂತ ಸೀಮೆಸುಣ್ಣದಲ್ಲಿ ಎರಡು ಕಡೆಗೂ ಅಡ್ಡ ಗೆರೆ ಎಳೆಯಿರಿ. ಬಿಚ್ಚಿ ತಂದು ಗೆರೆ ಕೂಡಿಸಿ ನಾಲ್ಕು ಚುಕ್ಕೆ ಹಾಕಿ. ಮತ್ತೆ ಕಾರಿಗೆ ಹಿಡಿದು ನೋಡಿ. ಸರಿ ಇದ್ದರೆ ಮಾತ್ರ ಪೂರ್ತಿ ಬೆಸೆಯಿರಿ. ಏನೇ ಆಗಲಿ ಕಾರಿನ ಮೇಲೇ ಒಂದು ಚುಕ್ಕೆ ಹಾಕಬೇಕಾದ ಪರಿಸ್ಥಿತಿ ಬಂದರೆ ಬ್ಯಾಟರಿಯ ನೆಗೆಟಿವ್ ತೆಗೆಯದೆ ಹಾಕಬೇಡಿ, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಎಂ ಸುಟ್ಟರೆ ಕಾರಿಗಿಂತ ಅದೇ ದುಬಾರಿ.

ಜೋಡಣೆಗೆ 8 ಮಿಲಿಮೀಟರ್ ದಪ್ಪದ ಪಟ್ಟಿಯಲ್ಲಿ ಎರಡು ಬೋಲ್ಟಿನ ಫ್ಲ್ಯಾಂಜ್ (ಪೈಪಿನ ತುದಿ ಕೂಡಿಸುವ ಚಪ್ಪಟೆ ತುಂಡು) ಕತ್ತರಿಸಿ. ಎರಡು ಸೈಲೆನ್ಸರ್‌ಗೂ ಒಂದೇ ಅಳತೆಯ ಫ್ಲ್ಯಾಂಜ್ ಇರಬೇಕು, ಅದಲುಬದಲು ಮಾಡೋದಕ್ಕೆ ಅದೇ ಮುಖ್ಯ. ಹಿತ್ತಾಳೆ ನಟ್ ಹಾಕಿದರೆ ಎಷ್ಟು ಬಿಸಿಯಾದರೂ ಕಚ್ಚಿಕೊಳ್ಳೋದಿಲ್ಲ. ಡಬ್ಬಕ್ಕೂ ಬಾಡಿಗೂ ನಡುವೆ ಎಲ್ಲ ಕಡೆ ಕನಿಷ್ಠ ಒಂದು ಇಂಚು ಜಾಗ, ಬ್ರೇಕ್ ಹೋಸ್ ಮತ್ತು ಟ್ಯಾಂಕ್ ಕಡೆಗೆ ಇನ್ನೂ ಜಾಸ್ತಿ. ಇಂಜಿನ್ ಅಲ್ಲಾಡುವಾಗ ಇಡೀ ಪೈಪೂ ಅಲ್ಲಾಡುತ್ತದೆ, ಅದನ್ನು ಮರೆತು ಬಿಗಿಯಾಗಿ ಕೂರಿಸಿದರೆ ಪ್ರತಿ ಗುಂಡಿಗೂ ಟಣ್ ಅಂತ ಬಡಿಯುತ್ತದೆ. ಪೈಪಿನ ಬಾಯಿ ಬಂಪರ್‌ನಿಂದ ಆಚೆ ಬಂದಿರಲಿ. ಅಡಿಯಲ್ಲೇ ಮುಗಿಸಿದರೆ ಹೊಗೆ ಡಿಕ್ಕಿಗೆ ಬರುತ್ತದೆ.

ಕೂರಿಸಿದ ಮೇಲೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಒದ್ದೆ ಗೋಣಿಚೀಲದ ಮಡಿಕೆಯನ್ನು ಪೈಪಿನ ಬಾಯಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಒಬ್ಬರಿಗೆ ಹೇಳಿ. ಎಲ್ಲಾದರೂ ಸಂದು ಇದ್ದರೆ ಬುಸ್ ಅನ್ನುತ್ತದೆ. ಜಾಯಿಂಟುಗಳಿಗೆ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಏಳುತ್ತದೆ. ಈ ಪರೀಕ್ಷೆ ಶೆಡ್ ಬಾಗಿಲು ಹಾಕಿಕೊಂಡು ಮಾಡುವಂಥದ್ದಲ್ಲ, ಬಯಲಿನಲ್ಲಿ ಮಾಡಿ.

ಗುಂಯ್ ಅನ್ನೋ ಕಾಟ

ಇಷ್ಟಾದ ಮೇಲೆ ಕಾರು ಓಡಿಸಿದರೆ ಖುಷಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಆರ್‌ಪಿಎಂ ಬಂದಾಗ ಮಾತ್ರ ಕಾರಿನೊಳಗೆಲ್ಲ ಗುಂಯ್ ಅಂತ ತುಂಬಿಕೊಳ್ಳುವುದು ಗೊತ್ತಾಗುತ್ತದೆ. ಹೊರಗೆ ನಿಂತವರಿಗೆ ಅದು ಕೇಳಿಸೋದೇ ಇಲ್ಲ. ಒಳಗೆ ಕೂತವರಿಗೆ ತಲೆನೋವು. ಇದನ್ನು ಡ್ರೋನ್ ಅನ್ನುತ್ತಾರೆ. ಪೈಪಿನಿಂದ ಬರುವ ಸ್ವರ ಕಾರಿನ ಒಳಗಿನ ಗಾಳಿಯ ಸ್ವಂತ ಸ್ವರಕ್ಕೆ ಕೂಡಿದಾಗ ಹೀಗಾಗುತ್ತದೆ. ಹೆಚ್ಚಿನವರು ಇಲ್ಲಿಗೆ ಬೇಸತ್ತು ಹಳೆಯದನ್ನೇ ಹಾಕಿಸಿಕೊಳ್ಳುತ್ತಾರೆ. ಕೆಲವರು ಡಿಕ್ಕಿಯಲ್ಲಿ ಥರ್ಮಾಕೋಲ್ ತುಂಬುತ್ತಾರೆ, ಪ್ರಯೋಜನ ಇಲ್ಲ.

ಇದಕ್ಕೆ ಮದ್ದು ಒಂದು ಕುರುಡು ಪೈಪ್. ಎಕ್ಸಾಸ್ಟ್ ಪೈಪಿನ ಬದಿಗೆ ಒಂದು ಕವಲು ಬೆಸೆದು, ಅದರ ತುದಿ ಮುಚ್ಚಬೇಕು. ಸದ್ದಿನ ಅಲೆ ಅದರೊಳಗೆ ಹೋಗಿ ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಕವಲಿನ ಉದ್ದ ಅಲೆಯ ಉದ್ದದ ಕಾಲು ಭಾಗ ಇದ್ದರೆ, ವಾಪಸ್ ಬರುವ ಅಲೆ ಮುಖ್ಯ ಅಲೆಗೆ ಸರಿಯಾಗಿ ಉಲ್ಟಾ ಇರುತ್ತದೆ. ಎರಡೂ ಸೇರಿ ಸೊನ್ನೆ. ಆ ಒಂದು ಸ್ವರ ಮಾತ್ರ ಮಾಯ, ಉಳಿದ ಸೌಂಡ್ ಹಾಗೇ ಇರುತ್ತದೆ.

ಲೆಕ್ಕ ಹೀಗೆ. ನನ್ನ ಕಾರಿನಲ್ಲಿ ಗುಂಯ್ ಅನ್ನುತ್ತಿದ್ದದ್ದು 2600ರ ಹತ್ತಿರ. ತೋಟದ ಏರನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಸದಾ ಸಿಗುವ ಆರ್‌ಪಿಎಂ ಅದು. 2600ನ್ನು 60ರಿಂದ ಭಾಗಿಸಿ 2ರಿಂದ ಗುಣಿಸಿದರೆ 87 ಹರ್ಟ್ಸ್. ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಪಕ್ಕದವರ ಕೈಗೆ ಕೊಟ್ಟು ಓಡಿಸಿದರೆ ಅಲ್ಲೇ ಒಂದು ಗೂಟ ಎದ್ದು ಕಾಣುತ್ತದೆ. ಇನ್ನು ಸದ್ದಿನ ವೇಗ. ಹೊರಗಿನ ಗಾಳಿಯಲ್ಲಿ ಅದು ಸೆಕೆಂಡಿಗೆ 340 ಮೀಟರ್ ಆಸುಪಾಸು. ಪೈಪಿನೊಳಗೆ ಬಿಸಿ, ಹಾಗಾಗಿ ಜಾಸ್ತಿ. ಹಿಂದಿನ ತುದಿಯಲ್ಲಿ ಹೊಗೆ 200 ಡಿಗ್ರಿ ಇದ್ದರೆ ವೇಗ ಸುಮಾರು 435. ಅದನ್ನು 87ರಿಂದ ಭಾಗಿಸಿದರೆ ಅಲೆಯ ಉದ್ದ 5 ಮೀಟರ್. ಅದರ ಕಾಲು ಭಾಗ 1.25 ಮೀಟರ್. ನಾಲ್ಕು ಅಡಿಗೆ ಸ್ವಲ್ಪ ಜಾಸ್ತಿ ಉದ್ದದ ಪೈಪ್ ಬೇಕು ಅಂತಾಯಿತು. ತಣ್ಣಗಿನ ಗಾಳಿಯ 340 ಹಾಕಿ ಲೆಕ್ಕ ಮಾಡಿದರೆ ಒಂದು ಮೀಟರೂ ಬರೋದಿಲ್ಲ. ಬೆಸೆದ ಮೇಲೆ ಏನೂ ಬದಲಾಗಲಿಲ್ಲ ಅಂತ ದೂರುವವರಲ್ಲಿ ಹೆಚ್ಚಿನವರು ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರೋದಿಲ್ಲ.

ನಾಲ್ಕು ಅಡಿ ಪೈಪನ್ನು ಕಾರಿನ ಅಡಿಯಲ್ಲಿ ಎಲ್ಲಿ ಇಡೋದು? ಮುಖ್ಯ ಪೈಪಿನ ಪಕ್ಕದಲ್ಲೇ ಹಿಂದಕ್ಕೆ ಬಾಗಿಸಿ ತನ್ನಿ. ಕವಲಿನ ವ್ಯಾಸ ಮುಖ್ಯ ಪೈಪಿನಷ್ಟೇ ಇದ್ದರೆ ಕೆಲಸ ಚೆನ್ನಾಗಿ ಮಾಡುತ್ತದೆ. ಸಣ್ಣದಾದರೆ ಪರಿಣಾಮ ಕಮ್ಮಿ. ತುದಿಯನ್ನು ಮೊದಲೇ ಬೆಸೆದು ಮುಚ್ಚಬೇಡಿ. ಒಂದು ಗೇಣು ಉದ್ದ ಹೆಚ್ಚಿಗೆ ಬಿಟ್ಟು, ಒಳಗೆ ಜಾರುವಂಥ ಒಂದು ಬಿರಡೆ ಮಾಡಿ. ಅದಕ್ಕೊಂದು ಉದ್ದ ಬೋಲ್ಟ್ ಬೆಸೆದು ಹಿಡಿಕೆ ಮಾಡಿಕೊಳ್ಳಿ. ಬಿರಡೆಯನ್ನು ಒಂದೊಂದು ಇಂಚು ಸರಿಸಿ, ಕ್ಲ್ಯಾಂಪ್ ಬಿಗಿದು, ಏರು ಹತ್ತಿ ನೋಡಿ. ಇಂಜಿನ್ ಪೂರ್ತಿ ಬಿಸಿಯಾದ ಮೇಲೇ ನೋಡಬೇಕು, ತಣ್ಣಗಿದ್ದಾಗ ಸಿಗುವ ಜಾಗ ಬೇರೆ. ಒಂದು ಜಾಗದಲ್ಲಿ ಆ ಗುಂಯ್ ಇದ್ದಕ್ಕಿದ್ದ ಹಾಗೆ ಸತ್ತುಹೋಗುತ್ತದೆ. ಪಕ್ಕದಲ್ಲಿ ಕೂತವರು ತಾವಾಗಿಯೇ "ಆ, ಈಗ ಹೋಯ್ತು" ಅನ್ನುತ್ತಾರೆ. ಅಲ್ಲಿ ಗುರುತು ಹಾಕಿ, ಕತ್ತರಿಸಿ, ತಗಡು ಇಟ್ಟು ಬೆಸೆಯಿರಿ. ಕವಲಿನ ತುದಿ ಕೆಳಮುಖ ಇದ್ದರೆ ಅದರಲ್ಲಿ ನೀರು ನಿಲ್ಲುತ್ತದೆ, ಸ್ವಲ್ಪ ಮೇಲ್ಮುಖ ಇರಲಿ.

ಎರಡು ಆರ್‌ಪಿಎಂನಲ್ಲಿ ಡ್ರೋನ್ ಬಂದರೆ ಎರಡು ಕವಲು ಬೇಕು ಅಂತ ಪುಸ್ತಕದ ಲೆಕ್ಕ ಹೇಳುತ್ತದೆ. ಅಷ್ಟರಮಟ್ಟಿಗೆ ಬಂದರೆ ಡಬ್ಬವೇ ಸಣ್ಣದಾಗಿದೆ ಅಂತ ನನ್ನ ಅಭಿಪ್ರಾಯ. ಉದ್ದದ ಡಬ್ಬ ಕಟ್ಟಿ.

ಊರಿನೊಳಗೆ ಓಡಿಸುವವರಿಗೆ

ಅಕ್ಕನ ಮಗನಂಥವರಿಗೆ ಹೇಳಿದ್ದೆನಲ್ಲ, ಆ ದಾರಿ ಇಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯದು. ಡೀಸೆಲ್‌ಗೆ ಇದೂ ಇಲ್ಲ, ಅವನು ಪೆಟ್ರೋಲ್ ಕಾರು ಕೊಂಡ ಮೇಲೆ ನೋಡೋಣ. ಪೆಟ್ರೋಲ್ ಇಂಜಿನ್ ಗಾಳಿ ಎಳೆಯುವಾಗಲೂ ಒಂದು ಗಡುಸು ಸದ್ದು ಮಾಡುತ್ತದೆ. ಕಂಪನಿಯವರು ಏರ್ ಫಿಲ್ಟರ್ ಡಬ್ಬಕ್ಕೆ ಬರುವ ಪೈಪಿಗೆ ಒಂದು ಪ್ಲಾಸ್ಟಿಕ್ ಬುರುಡೆ ಸೇರಿಸಿ ಅದನ್ನು ಅಡಗಿಸಿರುತ್ತಾರೆ. ಅದೂ ನಾನು ಮೇಲೆ ಹೇಳಿದ ಕುರುಡು ಪೈಪಿನ ಸೋದರನೇ. ಬುರುಡೆ ತೆಗೆದು, ಆ ಬಾಯಿಗೆ ಸರಿಯಾದ ರಬ್ಬರ್ ಮುಚ್ಚಳ ಹಾಕಿ ಕ್ಲಿಪ್ ಬಿಗಿದರೆ, ಆಕ್ಸಿಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡ್ ಹಿಂದಿನಿಂದ ಒಂದು ಗುಟುರು ಬರುತ್ತದೆ. ಕಾಲು ಎತ್ತಿದರೆ ಮತ್ತೆ ಮೌನ. ಊರಿನ ಯಾವ ಸರ್ಕಲ್ಲೇ ಆಗಲಿ, ಹೊರಗೆ ನಿಂತವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯೋದಿಲ್ಲ. ಬುರುಡೆ ಜೋಪಾನ ಇಟ್ಟುಕೊಳ್ಳಿ, ಬೇಕಾದಾಗ ವಾಪಸ್ ಕೂರಿಸಬಹುದು.

ಫಿಲ್ಟರ್ ಡಬ್ಬವನ್ನೇ ಕಿತ್ತು ಕೋನ್ ಫಿಲ್ಟರ್ ಹಾಕುವ ಹುಚ್ಚಿಗೆ ಹೋಗಬೇಡಿ. ಬಾನೆಟ್ ಒಳಗಿನ ಬಿಸಿ ಗಾಳಿ ಎಳೆದು ಎಳೆತ ಕಮ್ಮಿಯಾಗುತ್ತದೆ, ಫೆಬ್ರವರಿಯಲ್ಲಿ ತೋಟದ ಕೆಂಪು ದೂಳು, ಜುಲೈನಲ್ಲಿ ನೀರು. ಕೆಳಗೆ ಇಳಿಸಿ ಕೂರಿಸಿದ ಫಿಲ್ಟರ್ ರಸ್ತೆಯ ನೀರು ಎಳೆದರೆ ಇಂಜಿನ್ನಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಆಮೇಲಿನ ಆರೈಕೆ

ಮೊದಲ ಸಲ ಚೆನ್ನಾಗಿ ಬಿಸಿಯಾಗಿ ತಣ್ಣಗಾದ ಮೇಲೆ ಫ್ಲ್ಯಾಂಜ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ, ಗ್ಯಾಸ್ಕೆಟ್ ಕೂತು ಸಡಿಲ ಆಗಿರುತ್ತದೆ. ಬೇಸಿಗೆಯಲ್ಲಿ ಒಣ ಹುಲ್ಲು, ತರಗೆಲೆ ಮೇಲೆ ಬಿಸಿ ಕಾರು ನಿಲ್ಲಿಸಬೇಡಿ. ಗಿರಿ ಶ್ರೇಣಿಯ ಹುಲ್ಲುಗಾವಲಿಗೆ ಮಾರ್ಚ್‌ನಲ್ಲಿ ಕಿಡಿ ಬಿದ್ದರೆ ಏನಾಗುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಸೌಂಡ್ ನಿಧಾನಕ್ಕೆ ಜೋರಾಗುತ್ತಾ, ಚೂಪಾಗುತ್ತಾ ಬಂದರೆ ಒಳಗಿನ ನಾರು ಸವೆದಿದೆ ಅಂತ ಅರ್ಥ. ಕವಚದ ಮೇಲೆ ಒಂದು ಜಾಗದಲ್ಲಿ ಬಣ್ಣ ನೀಲಿಗೆ ತಿರುಗಿದ್ದರೆ ಅಲ್ಲಿ ನಾರು ಖಾಲಿಯಾಗಿ ಬಿಸಿ ನೇರ ತಗಡಿಗೆ ಬಡಿಯುತ್ತಿರುತ್ತದೆ. ಮುಚ್ಚಳದ ರಿವೆಟ್ ಡ್ರಿಲ್ ಮಾಡಿ ತೆಗೆದು, ಹಳೆಯದನ್ನು ಚೀಲದಲ್ಲಿ ಕಟ್ಟಿ ಬಿಸಾಕಿ, ಅದೇ ತೂಕಕ್ಕೆ ಹೊಸದು ತುಂಬಿ. ಸ್ಟೀಲ್ ಉಣ್ಣೆ ಚೆನ್ನಾಗಿದ್ದರೆ ಅದನ್ನೇ ಮತ್ತೆ ಸುತ್ತಬಹುದು.